ಪಾಠಕ್ಕೆ ಟೆಕ್ನಾಲಜಿ ಸೇರಿಸುವುದು ಹೇಗೆ? ಕೊನೆಯ ಪ್ರಶ್ನೆಯಿಂದ ಶುರುಮಾಡಿ

ಪಾಠಕ್ಕೆ ಟೆಕ್ನಾಲಜಿ ಬಳಸಿ ಅಂತ ಯಾರಾದರೂ ಹೇಳಿದ ತಕ್ಷಣ ನಾವು ಯೂಟ್ಯೂಬ್ ತೆರೆದು ವಿಡಿಯೊ ಹುಡುಕಲು ಕೂರುತ್ತೇವೆ. ಆ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಒಂದು ಖಾಲಿ ಹಾಳೆ ತೆಗೆದು, ಪಿರಿಯಡ್ ಮುಗಿದಾಗ ಮಕ್ಕಳು ಯಾವ ಪ್ರಶ್ನೆಗೆ ಉತ್ತರ ಹೇಳಬೇಕು ಅಂತ ಬರೆಯಿರಿ.

ಹೀಗೆ ಕೊನೆಯಿಂದ ಶುರುಮಾಡಿ ಯೋಚಿಸುವ ಮಾದರಿಯನ್ನು 1998ರಲ್ಲಿ ಅಮೆರಿಕದ ಶಿಕ್ಷಣ ತಜ್ಞರಾದ ಗ್ರಾಂಟ್ ವಿಗಿನ್ಸ್ ಮತ್ತು ಜೇ ಮೆಕ್‌ಟೈ ಶಿಕ್ಷಕರಿಗಾಗಿ ವಿವರವಾಗಿ ಬರೆದರು. ಅದಕ್ಕಿಂತ ಹಳೆಯದು ಕೋರ್ಸ್ ತಯಾರಿಸುವ ಆಡ್ಡಿ (ADDIE) ಮಾದರಿ. ಅಮೆರಿಕದ ಸೈನ್ಯದ ತರಬೇತಿಗಾಗಿ 1975ರಲ್ಲಿ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡದ್ದು. ವಿಶ್ಲೇಷಣೆ, ವಿನ್ಯಾಸ, ತಯಾರಿ, ಬಳಕೆ, ಮೌಲ್ಯಮಾಪನ ಅಂತ ಐದು ಹಂತ. ಬೆಂಗಳೂರಿನ ಇ-ಲರ್ನಿಂಗ್ ಕಂಪನಿಗಳಲ್ಲಿ ಕೆಲಸ ಮಾಡುವವರಿಗೆ ಇದು ಬಾಯಿಪಾಠ. ದೊಡ್ಡ ಕೋರ್ಸ್ ಕಟ್ಟುವಾಗ ಬಹಳ ಒಳ್ಳೆಯದು, ಆದರೆ ನಾಳೆ ಬೆಳಿಗ್ಗೆ ನಲವತ್ತು ನಿಮಿಷದ ಪಾಠ ಮಾಡಬೇಕಾದವರಿಗೆ ಕೊನೆಯಿಂದ ಯೋಚಿಸುವುದೇ ಸುಲಭ ಅಂತ ನನ್ನ ಅಭಿಪ್ರಾಯ.

ಹತ್ತನೇ ತರಗತಿಯ ವಿದ್ಯುತ್ ಪಾಠವನ್ನೇ ತೆಗೆದುಕೊಳ್ಳಿ. "ಸರಣಿ ಜೋಡಣೆ (ಒಂದೇ ದಾರಿಯಲ್ಲಿ ಒಂದರ ನಂತರ ಒಂದು ಜೋಡಿಸುವುದು) ಅರ್ಥವಾಗಬೇಕು" ಅಂತ ಗುರಿ ಬರೆದರೆ ಪ್ರಯೋಜನವಿಲ್ಲ, ಅರ್ಥವಾಯಿತೋ ಇಲ್ಲವೋ ನಿಮಗೆ ಕಾಣುವುದಿಲ್ಲ ಅಲ್ವಾ? ಕಣ್ಣಿಗೆ ಕಾಣುವ ಕ್ರಿಯಾಪದ ಬೇಕು: ಊಹಿಸುವುದು, ಹೋಲಿಸುವುದು, ಕಾರಣ ಹೇಳುವುದು. ಕಲಿಕೆಯ ಗುರಿಗಳನ್ನು ಸುಲಭದಿಂದ ಕಷ್ಟದ ಹಂತಗಳಾಗಿ ವಿಂಗಡಿಸುವ 1956ರ ಬ್ಲೂಮ್ ವರ್ಗೀಕರಣವನ್ನು 2001ರಲ್ಲಿ ಪರಿಷ್ಕರಿಸಿದಾಗ ಹಂತಗಳಿಗೆ ಕ್ರಿಯಾಪದಗಳನ್ನೇ ಇಟ್ಟರು. ಹಾಗಾಗಿ ಪ್ರಶ್ನೆ ಹೀಗಿರಲಿ: ಒಂದೇ ಥರದ ಎರಡು ಬಲ್ಬ್ ಸರಣಿಯಲ್ಲಿವೆ, ಯಾವುದು ಜಾಸ್ತಿ ಉರಿಯುತ್ತದೆ, ಯಾಕೆ?

ಸೆಲ್‌ನ ಪ್ಲಸ್ ಕಡೆಗಿರುವ ಬಲ್ಬ್ ಅಂತ ಹೇಳುವ ಮಕ್ಕಳು ಬೇಕಾದಷ್ಟು ಜನ ಸಿಗುತ್ತಾರೆ. ಮೊದಲ ಬಲ್ಬ್ ಕರೆಂಟನ್ನು ಸ್ವಲ್ಪ ತಿಂದುಬಿಡುತ್ತದೆ, ಉಳಿದದ್ದು ಮುಂದಿನದಕ್ಕೆ ಹೋಗುತ್ತದೆ ಅನ್ನುವುದು ಅವರ ಲೆಕ್ಕ. ನಿಜಕ್ಕೂ ಕರೆಂಟ್ ಎರಡರಲ್ಲೂ ಅಷ್ಟೇ, ಎರಡೂ ಒಂದೇ ಥರ ಉರಿಯುತ್ತವೆ. ಈ ತಪ್ಪು ತಿಳಿವಳಿಕೆ ಹಲವು ದೇಶಗಳ ಮಕ್ಕಳಲ್ಲಿ ಕಂಡುಬಂದಿದೆ. ನೀವು ಪಾಠ ಕಟ್ಟಬೇಕಾದದ್ದು ಇದರ ಸುತ್ತ. ಆದ್ದರಿಂದ ಏನನ್ನೂ ತೋರಿಸುವ ಮೊದಲು ಪ್ರತಿಯೊಬ್ಬರೂ ಚೀಟಿಯಲ್ಲಿ ಊಹೆ ಬರೆಯಲಿ. ಬರೆಯದೆ ನೋಡಿದರೆ ಎಲ್ಲರೂ "ನಂಗೆ ಮೊದಲೇ ಗೊತ್ತಿತ್ತು ಮಿಸ್" ಅನ್ನುತ್ತಾರೆ.

ಆಮೇಲೆ ನಿಜವಾದ ಬಲ್ಬ್. ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋದರೆ ಟಾರ್ಚ್ ಬಲ್ಬ್, ಹೋಲ್ಡರ್, ವೈರ್, ಸೆಲ್ ಎಲ್ಲ ಸಿಗುತ್ತವೆ. ಎಲ್‌ಇಡಿ ಬೇಡ, ಅದಕ್ಕೆ ಪ್ಲಸ್ ಮೈನಸ್ ಇದೆ, ಒಂದೂವರೆ ವೋಲ್ಟಿನ ಒಂದೇ ಸೆಲ್‌ಗೆ ಸಾಮಾನ್ಯವಾಗಿ ಉರಿಯುವುದೂ ಇಲ್ಲ. ಒಂದೇ ಥರದ ಬಲ್ಬ್ ಅಂತ ತಂದರೂ ಬೆಳಕಿನಲ್ಲಿ ಸ್ವಲ್ಪ ವ್ಯತ್ಯಾಸ ಇರಬಹುದು, ಆಗ ಎರಡನ್ನೂ ಜಾಗ ಬದಲಿಸಿ ತೋರಿಸಿ. ಮಂಕಾದದ್ದು ಎಲ್ಲಿಟ್ಟರೂ ಮಂಕಾಗೇ ಇರುತ್ತದೆ, ಕಾರಣ ಜಾಗ ಅಲ್ಲ ಅಂತ ಮಕ್ಕಳಿಗೇ ಗೊತ್ತಾಗುತ್ತದೆ.

ಈಗ ಬಂತು ಟೆಕ್ನಾಲಜಿ. ಇದು ಇಲ್ಲದೆ ಸಾಧ್ಯವಾಗದ ಏನನ್ನು ಇದು ಮಾಡಿಸುತ್ತದೆ ಅಂತ ಕೇಳಿಕೊಳ್ಳಿ. ಪಾಠದಲ್ಲಿ ಟೆಕ್ನಾಲಜಿ ಎಷ್ಟು ಬದಲಾವಣೆ ತರುತ್ತದೆ ಅಂತ ಮೆಟ್ಟಿಲುಗಳಲ್ಲಿ ಹೇಳುವ, ರುಬೆನ್ ಪ್ಯೂಂಟೆಡುರಾ ಕೊಟ್ಟ ಸ್ಯಾಮರ್ (SAMR) ಮಾದರಿಯಲ್ಲಿ ತೀರಾ ಕೆಳಗಿನ ಮೆಟ್ಟಿಲು ಬರೀ ಬದಲಿ, ಅಂದರೆ ಬೋರ್ಡ್ ಮೇಲೆ ಬರೆಯುವುದನ್ನೇ ಪಿಪಿಟಿಯಲ್ಲಿ ಹಾಕುವುದು. ಅದರ ಬದಲು ಫೆಟ್ (PhET) ಸಿಮ್ಯುಲೇಶನ್ ನೋಡಿ, ಅಂದರೆ ಕಂಪ್ಯೂಟರ್ ಪರದೆಯ ಮೇಲೆ ಮಾಡಿ ನೋಡುವ ಪ್ರಯೋಗ. ಭೌತಶಾಸ್ತ್ರದ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಶುರುಮಾಡಿದ ಉಚಿತ ಯೋಜನೆ ಇದು, ಕನ್ನಡದಲ್ಲೂ ಹಲವು ಸಿಮ್ಯುಲೇಶನ್‌ಗಳಿವೆ. ಅದರ ಸರ್ಕಿಟ್ ಕಿಟ್‌ನಲ್ಲಿ ಎಲೆಕ್ಟ್ರಾನ್‌ಗಳು ಹರಿಯುವುದು ಕಾಣುತ್ತದೆ. ಬಲ್ಬ್‌ನ ಹಿಂದೆಯೂ ಮುಂದೆಯೂ ಒಂದೇ ವೇಗ! ನಿಜವಾದ ವೈರ್‌ನಲ್ಲಿ ಇದನ್ನು ಯಾರೂ ನೋಡಲಾರರು, ಇಲ್ಲಿ ಟೆಕ್ನಾಲಜಿಗೆ ನಿಜವಾಗಲೂ ಕೆಲಸವಿದೆ.

ಸಿಮ್ಯುಲೇಶನ್ ಫೈಲನ್ನು ಹಿಂದಿನ ದಿನವೇ ಡೌನ್‌ಲೋಡ್ ಮಾಡಿಡಿ, ನೆಟ್ ಇಲ್ಲದೆಯೂ ನಡೆಯುತ್ತದೆ. ಕರೆಂಟ್ ಹೋದರೆ ಲ್ಯಾಪ್‌ಟಾಪನ್ನು ಬೆಂಚ್‌ನಿಂದ ಬೆಂಚ್‌ಗೆ ಒಯ್ಯಿರಿ. ಮೌಸ್ ನಿಮ್ಮ ಕೈಯಲ್ಲಿ ಬೇಡ. ಒಬ್ಬ ಹುಡುಗಿ ಜೋಡಿಸಲಿ, ಉಳಿದವರು ಮುಂದೆ ಏನಾಗುತ್ತದೆ ಅಂತ ಹೇಳಲಿ. ನಮ್ಮ ಊರಿನ ತರಗತಿಗಳಲ್ಲಿ ಮನೆಯಲ್ಲಿ ತಮಿಳು, ತೆಲುಗು, ಉರ್ದು ಮಾತಾಡುವ ಮಕ್ಕಳೂ ಇರುತ್ತಾರೆ. ಪಕ್ಕದವರ ಜೊತೆ ಯಾವ ಭಾಷೆಯಲ್ಲಾದರೂ ಚರ್ಚೆ ಮಾಡಲು ಬಿಡಿ, ಉತ್ತರ ಮಾತ್ರ ಕನ್ನಡದಲ್ಲಿ ಬರಲಿ. 2017ರಲ್ಲಿ ಬಂದ ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆ ದೀಕ್ಷಾದ ವಿಡಿಯೊಗಳನ್ನು ಬಳಸುವುದಾದರೆ ಪೂರ್ತಿ ನೋಡಿ, ನಿಮ್ಮ ಪ್ರಶ್ನೆಗೆ ಬೇಕಾದ ತುಣುಕನ್ನಷ್ಟೇ ಹಾಕಿ.

ಕೊನೆಯ ಐದು ನಿಮಿಷ ಅದೇ ಪ್ರಶ್ನೆಗೆ ಮತ್ತೊಂದು ಚೀಟಿ. ಸ್ಟಾಫ್ ರೂಮಿನಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ಮೂರು ಗುಂಪು ಮಾಡಿ: ಉತ್ತರವೂ ಕಾರಣವೂ ಸರಿ, ಉತ್ತರ ಸರಿ ಕಾರಣ ತಪ್ಪು, ಎರಡೂ ತಪ್ಪು. ನಡುವಿನ ಗುಂಪನ್ನು ಸುಮ್ನೆ ಬಿಡಬೇಡಿ, ಪರೀಕ್ಷೆಯಲ್ಲಿ ಅಂಕ ಬರುವುದರಿಂದ ಈ ಮಕ್ಕಳು ಯಾರ ಕಣ್ಣಿಗೂ ಬೀಳುವುದಿಲ್ಲ. ಇವರಿಗೆ ಅದೇ ಸಿಮ್ಯುಲೇಶನ್ ಮತ್ತೆ ಹಾಕಬೇಡಿ. ಲ್ಯಾಬ್‌ನಿಂದ ಕರೆಂಟ್ ಅಳೆಯುವ ಅಮ್ಮೀಟರ್ ತಂದು, ಮೊದಲ ಬಲ್ಬ್‌ಗೆ ಮುಂಚೆ ಒಂದು ಸಲ, ಎರಡನೆಯದರ ನಂತರ ಒಂದು ಸಲ ಅವರ ಕೈಯಲ್ಲೇ ಅಳತೆ ಮಾಡಿಸಿ.