ಹಳೇ ಟೀಪಾಯಿಗೆ ಮಾರ್ಬಲ್ ಬಣ್ಣ

ಸಕಲೇಶಪುರ, ಮೂಡಿಗೆರೆ ಕಡೆಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಳೇ ಮರದ ಟೀಪಾಯಿಯನ್ನು ಮಾರ್ಬಲ್ ಕಲ್ಲಿನಂತೆ ಕಾಣಿಸುವ ಈ ಬಣ್ಣದ ಕೆಲಸಕ್ಕೆ ಕೈಹಾಕಬೇಡಿ. ಮಳೆಗಾಲದ ತೇವಕ್ಕೆ ಬಣ್ಣ ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ಹಸಿಯಾಗೇ ಇರುತ್ತದೆ, ಕೊನೆಗೆ ಹಚ್ಚುವ ಪಾರದರ್ಶಕ ಲೇಪ (ಕ್ಲಿಯರ್ ಕೋಟ್) ಹಾಲು ಚೆಲ್ಲಿದಂತೆ ಮಬ್ಬಾಗುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಒಳ್ಳೆಯ ಕಾಲ. ಆಗಲೂ ಬೆಳಗಿನ ಮಂಜು ಪೂರ್ತಿ ಕರಗಲಿ, ಆಮೇಲೆ ಶುರು ಮಾಡಿ.

2 ಅಡಿಗೆ 3 ಅಡಿಯ ಟೀಪಾಯಿಗೆ 100 ಮಿಲಿ ವುಡ್ ಪ್ರೈಮರ್, 200 ಮಿಲಿ ಬಿಳಿ ಅಕ್ರಿಲಿಕ್ ಎಮಲ್ಷನ್, 200 ಮಿಲಿ ನೀರು ಬೆರೆಸುವ ಪಿಯು (ಪಾಲಿಯುರೆಥೇನ್) ಕ್ಲಿಯರ್ ಸಾಕು. ಮಾರ್ಬಲ್‌ನ ಗೆರೆಗಳಿಗೆ ಕಪ್ಪು ಮತ್ತು ಬರ್ಂಟ್ ಅಂಬರ್ (ಗಾಢ ಕಂದು) ಅಕ್ರಿಲಿಕ್ ಟ್ಯೂಬು ಒಂದೊಂದು, ಸಣ್ಣ ಬ್ರಶ್, ಸ್ಪಂಜು, ಕೂದಲು ಉದುರದ ಮೆತ್ತನೆ ದೊಡ್ಡ ಬ್ರಶ್ ಬೇಕು.

ಮೊದಲು ಮೇಣ, ಎಣ್ಣೆ ಜಿಡ್ಡನ್ನು ಸೋಪುನೀರಲ್ಲಿ ಒರೆಸಿ ಒಣಗಿಸಿ. ಹಳೇ ಪಾಲಿಶಿನ ಹೊಳಪು ಹೋಗುವ ತನಕ 180 ನಂಬರ್ ಉಜ್ಜುಕಾಗದದಲ್ಲಿ ಉಜ್ಜಿ. ಇದನ್ನು ಬಿಟ್ಟರೆ ಮುಂದೆ ಬಣ್ಣ ಸಿಪ್ಪೆಯಾಗಿ ಏಳುತ್ತದೆ. ಪ್ರೈಮರ್ ಹಚ್ಚಿ ಒಂದು ದಿನ ಬಿಡಿ, 320ರಲ್ಲಿ ನಯ ಮಾಡಿ, ಬಿಳಿ ಎರಡು ಕೋಟ್ ಕೊಡಿ.

ಎಲ್ಲರೂ ಎಡವುವುದು ಗೆರೆಯಲ್ಲೇ. ಬಿಳಿಗೆ ಚಿಟಿಕೆಯಷ್ಟು ಕಪ್ಪು, ಅದಕ್ಕಿಂತ ಕಡಿಮೆ ಅಂಬರ್ ಸೇರಿಸಿ ಬೂದು ಮಾಡಿ, ಸಮಪಾಲು ನೀರು ಬೆರೆಸಿ. ಒಣಗಿದ ಬಿಳಿಯ ಮೇಲೆ ಒದ್ದೆ ಸ್ಪಂಜು ಆಡಿಸಿ, ತೇವ ಇರುವಾಗಲೇ ಓರೆಯಾಗಿ ಎರಡು ಮೂರು ಅಗಲ ಮಬ್ಬು ಪಟ್ಟಿ ಎಳೆಯಿರಿ. ಮೆತ್ತನೆ ಬ್ರಶ್ಶಿಂದ ಅಂಚು ಸವರಿ ಕರಗಿಸಿ. ಅರಸೀಕೆರೆ ಕಡೆಯ ಒಣ ಹವೆಯಲ್ಲಿ ಬಣ್ಣ ಬೇಗ ಹಿಡಿಯುತ್ತದೆ, ಅಲ್ಲಿ ಒಂದು ಸಲಕ್ಕೆ ಒಂದಡಿ ಜಾಗ ಮಾತ್ರ ಒದ್ದೆ ಮಾಡಿ.

ಇದು ಒಣಗಿದ ಮೇಲೆ ಸಣ್ಣ ಗೆರೆ. ಬ್ರಶ್ಶನ್ನು ತುದಿಯಲ್ಲಿ ಹಿಡಿದು, ಬೆರಳ ನಡುವೆ ತಿರುಗಿಸುತ್ತಾ ಎಳೆಯಿರಿ; ಆಗ ಗೆರೆ ಒಂದು ಕಡೆ ದಪ್ಪ, ಒಂದು ಕಡೆ ಎಳೆಯಷ್ಟಾಗಿ ತಾನೇ ನಡುಗುತ್ತದೆ. ಅಲ್ಲಲ್ಲಿ ಕವಲು ಬಿಡಿ, ನಡುವೆ ಮಾಯವಾಗಲಿ, ಟೀಪಾಯಿಯ ಅಂಚಿಗೆ ಬಂದರೆ ಹಲಗೆಯ ಪಕ್ಕದ ದಪ್ಪದ ಮೇಲೂ ಇಳಿಯಲಿ. ಎರಡು ಗೆರೆ ಗುಣಾಕಾರ ಚಿಹ್ನೆಯ ಹಾಗೆ ಅಡ್ಡ ಬಂದರೆ ಕಲ್ಲಿನ ಕಳೆ ಹೋಯಿತು, ತಕ್ಷಣ ಒದ್ದೆ ಬಟ್ಟೆಯಿಂದ ಒರೆಸಿ. ಸಾಕೆನಿಸುವ ಮೊದಲೇ ನಿಲ್ಲಿಸಿ. ಖಾಲಿ ಬಿಳಿ ಜಾಗ ಇದ್ದಷ್ಟೂ ಚಂದ.

ಮರುದಿನ ಪಿಯು ಮೂರು ತೆಳು ಕೋಟ್, ನಡುನಡುವೆ 400ರಲ್ಲಿ ಹಗುರ ಉಜ್ಜು. ಎಣ್ಣೆ ವಾರ್ನಿಶ್ ಬೇಡ, ಬಿಳಿ ಬಣ್ಣ ಹಳದಿಗೆ ತಿರುಗುತ್ತದೆ. ಒಂದು ವಾರ ಏನೂ ಇಡಬೇಡಿ. ಆಮೇಲೂ ಬಿಸಿ ಕಾಫಿ ಪಾತ್ರೆ ನೇರ ಇಟ್ಟರೆ ಗುರುತು ಬೀಳುತ್ತದೆ, ಹಾಗಾಗಿ ಒಲೆ ಪಕ್ಕದ ಕಟ್ಟೆಗೆ ಈ ಕೆಲಸ ಮಾಡಿಸಬೇಡಿ.