ಬೂದಿದಿಬ್ಬದಿಂದ ಉರುಕ್‌ವರೆಗೆ: ಪ್ರಾಗಿತಿಹಾಸ ಪಾಠ ಮಾಡಿದ ನನ್ನ ಅನುಭವ

ನಾನು ಬಳ್ಳಾರಿ ಕಡೆ ಒಂದು ಸರ್ಕಾರಿ ಹೈಸ್ಕೂಲಲ್ಲಿ ಸಮಾಜ ವಿಜ್ಞಾನ ಹೇಳ್ಕೊಡ್ತೀನಿ. ಪ್ರಾಗಿತಿಹಾಸ ಅಂದ್ರೆ ಮಕ್ಕಳು ಸಾಮಾನ್ಯವಾಗಿ ಬಾಯಿಪಾಠ ಮಾಡೋದು ಹಿಂಗೆ: ಮೊದಲು ಹಳೆ ಶಿಲಾಯುಗ, ಬೇಟೆ. ಆಮೇಲೆ ನವಶಿಲಾಯುಗ, ಬೇಸಾಯ, ಮಡಕೆ, ಊರು. ಆಮೇಲೆ ಲೋಹ, ನಗರ, ಬರವಣಿಗೆ, ಅಲ್ಲಿಗೆ ನಾಗರಿಕತೆ ಬಂತು. ಎಲ್ಲಾ ಕಡೆ ಎಲ್ಲಾ ಜನ ಒಂದೇ ಮೆಟ್ಟಿಲು ಸಾಲು ಹತ್ತಿದ ಹಾಗೆ. ಪರೀಕ್ಷೆಗೆ ಇಷ್ಟು ಸಾಕು, ಆದ್ರೆ ನಮ್ಮ ಜಿಲ್ಲೆಯಲ್ಲೇ ಇರೋ ಸಂಗನಕಲ್ಲು, ಕಪ್ಪಗಲ್ಲು, ಕುಡತಿನಿ, ತೆಕ್ಕಲಕೋಟೆ ಈ ಪ್ರಾಗಿತಿಹಾಸದ ಜಾಗಗಳನ್ನೆಲ್ಲ ಆ ಸಾಲಿನ ಜೊತೆ ಹೋಲಿಸಿ ನೋಡಿದ್ರೆ ಅದು ಹೊಂದಲ್ಲ. ಹಾಗಾಗಿ ನಾನು ಈ ಪಾಠವನ್ನ ಬೇರೆ ಥರ ಮಾಡೋಕೆ ಶುರು ಮಾಡಿದೆ, ದನ ಸಾಕೋದು, ಬೆಳೆ ಬೆಳೆಯೋದು, ಒಂದೇ ಕಡೆ ನೆಲೆ ನಿಲ್ಲೋದು, ಕಸುಬು ಬೇರೆ ಆಗೋದು, ನಗರ ಆಗೋದು, ಇವೆಲ್ಲ ಒಂದೇ ಗಂಟಲ್ಲಿ ಬಂದಿದ್ದಲ್ಲ, ಒಂದೊಂದನ್ನೂ ಬಿಡಿಸಿ "ಇದಕ್ಕೆ ಇಲ್ಲಿ ಏನು ಸಾಕ್ಷಿ ಇದೆ" ಅಂತ ಕೇಳೋದು. ಬೇರೆ ಟೀಚರ್‌ಗಳಿಗೆ ಉಪಯೋಗ ಆಗಬಹುದು ಅಂತ ಬರೀತಿದೀನಿ.

ಮೊದಲು ಹೇಳೋದು ಈ ಯುಗಗಳನ್ನ ಮಾಡಿದ್ದು ಯಾರು ಅಂತ. ಡೆನ್ಮಾರ್ಕಿನ ಕೋಪನ್‌ಹೇಗನ್ ಮ್ಯೂಸಿಯಂನಲ್ಲಿ ಥಾಮ್ಸನ್ ಅನ್ನೋರು ರಾಶಿ ಬಿದ್ದಿದ್ದ ಹಳೆ ಸಾಮಾನುಗಳನ್ನ ಕಲ್ಲು, ಕಂಚು, ಕಬ್ಬಿಣ ಅಂತ ವಿಂಗಡಿಸಿ ಜೋಡಿಸಿದ್ರು, 1836ರಲ್ಲಿ ಅದನ್ನ ಪುಸ್ತಕ ಮಾಡಿದ್ರು. 1865ರಲ್ಲಿ ಲಬಕ್ ಅನ್ನೋರು ಕಲ್ಲಿನ ಕಾಲವನ್ನ ಹಳೆಯದು, ಹೊಸದು ಅಂತ ಎರಡು ಮಾಡಿದ್ರು. ಬೇಸಾಯ, ಪಶುಪಾಲನೆ ಬಂದಿದ್ದನ್ನ "ನವಶಿಲಾಯುಗದ ಕ್ರಾಂತಿ" ಅಂತ 1936ರಲ್ಲಿ ಕರೆದಿದ್ದು ಪುರಾತತ್ವಜ್ಞ ಗಾರ್ಡನ್ ಚೈಲ್ಡ್. ಅಂದ್ರೆ ಇವು ಯುರೋಪು, ಪಶ್ಚಿಮ ಏಷ್ಯಾದ ಸಾಮಾನು ನೋಡಿ ಮಾಡಿದ ಕಪಾಟುಗಳು. ಇದು ಗೊತ್ತಾದ ಮೇಲೆ "ಮಿಸ್, ಹಂಗಾದ್ರೆ ನಮ್ಮೂರಿಂದು ಯಾವ ಕಪಾಟಿಗೆ ಹೋಗುತ್ತೆ" ಅಂತ ಮಕ್ಕಳೇ ಕೇಳ್ತಾರೆ, ಅಲ್ಲಿಂದ ಪಾಠ ತಾನಾಗೇ ಮುಂದೆ ಹೋಗುತ್ತೆ.

ಕಾಲದ ಅಳತೆ ಕೊಡದೆ ಮುಂದೆ ಹೋಗಬಾರದು. ನಾವು ಶಾಲೆ ಗೇಟಿಂದ ರಸ್ತೆ ಉದ್ದಕ್ಕೂ ನಡೀತೀವಿ, ಒಂದು ಮೀಟರ್‌ಗೆ ಸಾವಿರ ವರ್ಷ. ಗೇಟು ಇವತ್ತು. ವಿಜಯನಗರ ಸ್ಥಾಪನೆ 1336, ಅದು ಗೇಟಿಂದ 70 ಸೆಂಟಿಮೀಟರ್ ಸಹ ಇಲ್ಲ. ಅಶೋಕ 2.3 ಮೀಟರ್. ಮೊಹೆಂಜೊದಾರೊ ಚೆನ್ನಾಗಿ ನಡೀತಿದ್ದ ಕಾಲ ನಾಲ್ಕು ಮೀಟರ್‌ನಿಂದ ನಾಲ್ಕೂವರೆ ಮೀಟರ್ ಆಸುಪಾಸು. ನಮ್ಮ ಬಳ್ಳಾರಿ, ರಾಯಚೂರು ಕಡೆ ದನ ಸಾಕಿದ ಮೊದಲ ಜನ 5 ಮೀಟರ್. ಬಲೂಚಿಸ್ತಾನದಲ್ಲಿ ಬೇಸಾಯ ಮಾಡಿದ ಹಳೆ ಊರು ಮೆಹರ್‌ಗಢ, ಸಾಮಾನ್ಯವಾಗಿ ಹೇಳೋ ಲೆಕ್ಕದಲ್ಲಿ 9 ಮೀಟರ್. ಇಷ್ಟೂ ಒಂದು ಕ್ಲಾಸ್‌ರೂಮ್ ಉದ್ದದೊಳಗೆ ಮುಗಿಯುತ್ತೆ. ಆಮೇಲೆ ನಡೀತಾ ಹೋಗ್ಬೇಕು, ನಮ್ಮಂಥ ಮನುಷ್ಯರು (ಹೋಮೋ ಸೇಪಿಯನ್ಸ್) ಆಫ್ರಿಕಾದಲ್ಲಿ ಕಾಣಿಸ್ಕೊಳ್ಳೋದು 300 ಮೀಟರ್ ದಾಟಿದ ಮೇಲೆ, ಯಾದಗಿರಿ ಜಿಲ್ಲೆ ಹುಣಸಗಿ ಹತ್ರ ಇಸಾಂಪುರದಲ್ಲಿ ಸುಣ್ಣಕಲ್ಲು ಒಡೆದು ಕೈಗೊಡಲಿ ಮಾಡ್ತಿದ್ದವರು ಸುಮಾರು 1200 ಮೀಟರ್, ಅಂದ್ರೆ 12 ಲಕ್ಷ ವರ್ಷ. ಅಷ್ಟು ದೂರ ನಡೆದು ತಿರುಗಿ ನೋಡಿದಾಗ ಗೇಟು ಕಾಣಲ್ಲ. ಮನುಷ್ಯರ ಕಥೆಯಲ್ಲಿ ಬೇಸಾಯ, ನಗರ, ರಾಜ್ಯ ಎಲ್ಲಾ ಎಷ್ಟು ಇತ್ತೀಚಿನವು ಅನ್ನೋದನ್ನ ನಾನು ಬಾಯಲ್ಲಿ ಹೇಳಬೇಕಾಗೇ ಇಲ್ಲ.

ಇನ್ನು ಕಲ್ಲು. ನವಶಿಲಾಯುಗ ಅಂದ್ರೆ "ನಯ ಮಾಡಿದ ಕಲ್ಲಿನ ಆಯುಧ" ಅಂತ ಒಂದು ಸಾಲು ಇರುತ್ತೆ. ಆ ನಯ ಮಾಡೋದು ಎಷ್ಟು ಕೆಲಸ ಅಂತ ಕೈಗೆ ಗೊತ್ತಾಗ್ಬೇಕು. ಕಪ್ಪಗಲ್ಲಿನ ಹಿರೇಗುಡ್ಡದ ಮೇಲೆ ಗ್ರಾನೈಟ್ ಮಧ್ಯೆ ಕಪ್ಪನೆ ಡೋಲರೈಟ್ ಕಲ್ಲಿನ ಪಟ್ಟಿ ಹಾದು ಹೋಗಿದೆ, ಕೊಡಲಿ ಮಾಡ್ತಿದ್ದಿದ್ದು ಅದರಿಂದಲೇ. ಮೊದಲು ಚಕ್ಕೆ ಎಬ್ಬಿಸಿ ಆಕಾರ, ಆಮೇಲೆ ಇನ್ನೊಂದು ಕಲ್ಲಿಂದ ಕುಟ್ಟಿ ಕುಟ್ಟಿ ಉಬ್ಬು ತಗ್ಗು ಸಮ ಮಾಡೋದು, ಕೊನೆಗೆ ಬಂಡೆ ಮೇಲೆ ನೀರು ಮರಳು ಹಾಕಿ ತಿಕ್ಕೋದು. ತಿಕ್ಕಿ ತಿಕ್ಕಿ ಬಂಡೆಯಲ್ಲಿ ಬಿದ್ದ ಉದ್ದನೆ ಗುಂಡಿಗಳು ಈಗಲೂ ಸಂಗನಕಲ್ಲು ಕಡೆ ಕಾಣ್ತವೆ. ನಾವು ಗುಡ್ಡದ ಕಲ್ಲು ಮುಟ್ಟಲ್ಲ, ಕ್ರಷರ್ ಕಡೆಯಿಂದ ತಂದ ಕರಿ ಜಲ್ಲಿ ತುಂಡನ್ನ ಶಾಲೆ ಹಿಂದಿನ ಚಪ್ಪಡಿ ಮೇಲೆ ತಿಕ್ತೀವಿ. ಒಬ್ಬರಾದ ಮೇಲೆ ಒಬ್ಬರು ಒಂದು ಪೀರಿಯಡ್ ಪೂರ್ತಿ ತಿಕ್ಕಿದ್ರೆ ಒಂದು ಅಂಚು ಸ್ವಲ್ಪ ಹೊಳೀತದೆ ಅಷ್ಟೇ. ಆಗ ಕೇಳ್ತೀನಿ, ಹಿರೇಗುಡ್ಡದಲ್ಲಿ ಇಷ್ಟೊಂದು ಚಕ್ಕೆ, ಅರ್ಧಕ್ಕೆ ಬಿಟ್ಟ ಕೊಡಲಿ ಬಿದ್ದಿದೆಯಲ್ಲ, ಅಷ್ಟೊಂದು ಕೊಡಲಿ ಆ ಗುಡ್ಡದ ಜನಕ್ಕೆ ಮಾತ್ರ ಬೇಕಿತ್ತಾ? ಬೇರೆ ಊರಿಗೂ ಹೋಗ್ತಿತ್ತು ಅನ್ನೋದು ಮಕ್ಕಳೇ ಹೇಳ್ತಾರೆ. ಕಸುಬುದಾರರು ಇರಬೇಕಾದ್ರೆ ನಗರ ಇರಲೇಬೇಕು ಅಂತಿಲ್ಲ ಅನ್ನೋ ಮಾತು ಅಲ್ಲಿಗೆ ಗಟ್ಟಿಯಾಗುತ್ತೆ.

ನನಗೆ ಈ ಪಾಠದಲ್ಲಿ ತುಂಬಾ ಇಷ್ಟವಾದ ಭಾಗ ಬೂದಿದಿಬ್ಬ, ಅಂದ್ರೆ ಹಳೆ ಕಾಲದ ಬೂದಿ ರಾಶಿಬಿದ್ದು ಆದ ದಿಬ್ಬ. ಬಳ್ಳಾರಿಯಿಂದ ಹೊಸಪೇಟೆಗೆ ಹೋಗೋ ದಾರಿಯಲ್ಲಿ ಕುಡತಿನಿ ಹತ್ರ ಇರೋದನ್ನ ನಮ್ಮ ಮಕ್ಕಳು ಬಸ್ಸಲ್ಲಿ ಓಡಾಡ್ತಾ ನೋಡಿರ್ತಾರೆ, ಅದೇನು ಅಂತ ಗೊತ್ತಿರಲ್ಲ. ಹಂಪಿ ಹತ್ರ ನಿಂಬಾಪುರದ್ದನ್ನ ವಾಲಿಯನ್ನ ಸುಟ್ಟ ಬೂದಿ ಅಂತಾರೆ, ಮಕ್ಕಳ ಮನೆಗಳಲ್ಲೂ ಅಜ್ಜ ಅಜ್ಜಿ ಇದನ್ನೇ ಹೇಳಿರ್ತಾರೆ. ನಾನು ಅದನ್ನ ತಳ್ಳಿ ಹಾಕಲ್ಲ. ಅಲ್ಲಿರೋದು ಸುಟ್ಟ ಬೂದಿ, ತುಂಬಾ ಹಳೆಯದು, ಇಷ್ಟನ್ನ ಊರಿನವರು ಯಾವತ್ತೋ ಸರಿಯಾಗಿ ಗುರುತಿಸಿದ್ದಾರೆ. ಓದಿದವರಲ್ಲೂ ಕೆಲವರು ಇದು ಕಬ್ಬಿಣ ಕರಗಿಸಿದ ಕಿಟ್ಟ ಅಂದ್ರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್, 1863ರಲ್ಲಿ ಮದ್ರಾಸ್ ಹತ್ರ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಕೊಡಲಿ ಗುರುತಿಸಿದವರು, ಬಳ್ಳಾರಿ ಸೀಮೆಯಲ್ಲಿ ಓಡಾಡಿ ಇದು ನವಶಿಲಾಯುಗದವರ ಸಗಣಿ ಸುಟ್ಟ ಬೂದಿ ಅನ್ನೋ ಕಡೆ ಬಂದ್ರು. 1957ರಲ್ಲಿ ಪುರಾತತ್ವಜ್ಞ ರೇಮಂಡ್ ಆಲ್ಚಿನ್ ಈಗಿನ ತೆಲಂಗಾಣದ ಉಟ್ನೂರಲ್ಲಿ ಅಗೆದಾಗ ಮರದ ಕಂಬ ನೆಟ್ಟ ದೊಡ್ಡಿಯ ಗುರುತು, ಮಣ್ಣಲ್ಲಿ ದನದ ಗೊರಸಿನ ಅಚ್ಚು ಸಿಕ್ತು. ಆಮೇಲೆ ಬೂದಿಯನ್ನ ಮೈಕ್ರೋಸ್ಕೋಪಲ್ಲಿ ಪರೀಕ್ಷೆ ಮಾಡಿ ಸಗಣಿ ಅಂತ ಖಚಿತ ಮಾಡಿದ್ರು. ಸಾವಿರಾರು ವರ್ಷದ ಹಿಂದಿನ ದನದ ಗೊರಸು! ಇದನ್ನ ಹೇಳುವಾಗ ಪ್ರತಿ ಸಲ ನನ್ನ ಮೈ ಜುಂ ಅನ್ನುತ್ತೆ.

ಇಲ್ಲಿ ಒಬ್ಬ ಹುಡುಗಿ ಕೇಳಿದ ಪ್ರಶ್ನೆ ನಾನು ಈಗ ಪ್ರತಿ ವರ್ಷ ಬೋರ್ಡ್ ಮೇಲೆ ಬರೀತೀನಿ: "ಮಿಸ್, ಸಗಣಿ ಹೊಲಕ್ಕೆ ಹಾಕೋದು ಬಿಟ್ಟು ಅಷ್ಟೊಂದು ಯಾಕೆ ಸುಟ್ರು?" ಮನೆಯಲ್ಲಿ ತಿಪ್ಪೆ ಇರೋ, ಕುಳ್ಳು ತಟ್ಟೋ ಮಕ್ಕಳಿಗೆ ಮಾತ್ರ ಬರೋ ಪ್ರಶ್ನೆ ಇದು. ಒಂದೇ ಸಲ ಸುಟ್ಟಿದ್ದೂ ಅಲ್ಲ, ಪದರದ ಮೇಲೆ ಪದರ, ಕೆಲವು ಕಡೆ ಶಾಖಕ್ಕೆ ಬೂದಿ ಕರಗಿ ಗಾಜಿನ ಥರ ಗಟ್ಟಿಯಾಗಿದೆ. ರೋಗ ಬಂದಾಗ ದೊಡ್ಡಿ ಸ್ವಚ್ಛ ಮಾಡಿದ್ರಾ, ವರ್ಷಕ್ಕೊಮ್ಮೆ ಎಲ್ಲರೂ ಸೇರಿ ಮಾಡ್ತಿದ್ದ ಹಬ್ಬವಾ? ಆಲ್ಚಿನ್ ಹಬ್ಬದ ಕಡೆಗೆ ವಾಲಿದ್ರು, ದನಗಳನ್ನ ಬೆಂಕಿ ದಾಟಿಸೋ ಆಚರಣೆಗಳನ್ನ ನೆನೆಸ್ಕೊಂಡ್ರು. ಮಂಡ್ಯ, ಮೈಸೂರು ಕಡೆ ಸಂಕ್ರಾಂತಿಗೆ ಕಿಚ್ಚು ಹಾಯಿಸೋದನ್ನ ಟಿವಿಯಲ್ಲಿ ನೋಡಿದ ಮಕ್ಕಳು ಇಲ್ಲಿ ಕೂಗಾಡ್ತಾರೆ. ಹೋಲಿಕೆ ಇದೆ ಅಂದ ಮಾತ್ರಕ್ಕೆ ನಾಲ್ಕು ಸಾವಿರ ವರ್ಷದ ಪರಂಪರೆ ಸಾಬೀತಾಗಲ್ಲ, ಮಧ್ಯೆ ಸಾಕ್ಷಿ ಬೇಕು ಅಂತ ಹೇಳೋಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಇನ್ನೊಂದು ಕಡೆ ಪುರಾತತ್ವಜ್ಞ ಪದ್ದಯ್ಯ ಅವರು 1990ರ ದಶಕದಲ್ಲಿ ಸುರಪುರ ಸೀಮೆಯ ಬೂದಿಹಾಳದಲ್ಲಿ ಅಗೆದು ದಿಬ್ಬದ ಪಕ್ಕದಲ್ಲೇ ಮನೆಗಳು, ದನ ಕಡಿದು ಹಂಚಿದ ಜಾಗ ಎಲ್ಲಾ ತೋರಿಸಿದ್ರು, ಅಂದ್ರೆ ಅದು ಬರೀ ದೊಡ್ಡಿ ಅಲ್ಲ, ಊರೂ ಹೌದು ಅಂತ. ಎರಡೂ ವಾದ ಮಕ್ಕಳ ಮುಂದೆ ಇಡ್ತೀನಿ, ಯಾವುದು ಸರಿ ಅಂತ ನಾನೇ ತೀರ್ಪು ಕೊಡಲ್ಲ.

ಬೆಳೆ ವಿಷಯಕ್ಕೆ ಒಂದು ಪ್ರಯೋಗ ಮಾಡಿಸ್ತೀನಿ, ಖರ್ಚಿಲ್ಲ. ಸಂಗನಕಲ್ಲು ಕಡೆಯ ಅಗೆತಗಳಲ್ಲಿ ಸಿಕ್ಕ ಕಾಳುಗಳಲ್ಲಿ ಮುಖ್ಯವಾದವು ಹುರುಳಿ, ಹೆಸರು, ಕೊರಲೆ. ಗೋಧಿ, ಬಾರ್ಲಿ ಆಮೇಲೆ ವಾಯವ್ಯದ ಕಡೆಯಿಂದ ಬಂದಿದ್ದು. ಹುರುಳಿ ಮಕ್ಕಳ ಮನೆಯಲ್ಲೇ ಇರುತ್ತೆ, ಕೊರಲೆ ಈಗ ಸಿರಿಧಾನ್ಯದ ಅಂಗಡಿಯಲ್ಲಿ ಸಿಗುತ್ತೆ. ಅದನ್ನ ಮುಚ್ಚಳ ಇರೋ ತಗಡಿನ ಡಬ್ಬಿಗೆ ಹಾಕಿ, ಹೊಗೆ ಹೋಗೋಕೆ ಮುಚ್ಚಳದಲ್ಲಿ ಮೊಳೆಯಿಂದ ಒಂದು ಸಣ್ಣ ತೂತು ಮಾಡಿ, ಬೆಂಕಿ ಮೇಲೆ ಇದ್ದಿಲಾಗೋವರೆಗೆ ಬಿಡಬೇಕು. ಗಾಳಿ ಹೆಚ್ಚು ಆಡಿದ್ರೆ ಬೂದಿಯಾಗುತ್ತೆ, ಮುಚ್ಚಿಟ್ರೆ ಆಕಾರ ಉಳಿಯುತ್ತೆ. ತಣ್ಣಗಾದ ಮೇಲೆ ಅದನ್ನ ಹೊಲದ ಮಣ್ಣಲ್ಲಿ ಕಲಸಿ ಒಂದಿಷ್ಟು ಹಸಿ ಕಾಳೂ ಸೇರಿಸಿ ಬಕೆಟ್ ನೀರಿಗೆ ಸುರಿದು ಕೈಯಾಡಿಸಿದ್ರೆ ಮಣ್ಣು, ಹಸಿ ಕಾಳು ಕೆಳಗೆ ಹೋಗುತ್ತೆ, ಕರಿಕಾಳು ಹೆಚ್ಚಿನವು ಮೇಲೆ ತೇಲ್ತವೆ, ಟೀ ಸೋಸೋ ಜಾಲರಿಯಲ್ಲಿ ಎತ್ತಬಹುದು. ಪುರಾತತ್ವದವರು ಮಾಡೋದೂ ಇದನ್ನೇ, ದೊಡ್ಡ ಪ್ರಮಾಣದಲ್ಲಿ. ಸುಟ್ಟಿದ್ದು ಮಾತ್ರ ಯಾಕೆ ಉಳೀತು ಅಂದ್ರೆ ಇದ್ದಿಲನ್ನ ಹುಳ ತಿನ್ನಲ್ಲ, ಬೂಷ್ಟು ಹಿಡಿಯಲ್ಲ. ಹಂಗಾದ್ರೆ ಬೆಂಕಿ ಹತ್ರ ಹೋಗದ ಸೊಪ್ಪು, ಹಣ್ಣು, ಗೆಡ್ಡೆ ಎಷ್ಟು ತಿಂದಿರಬಹುದು, ಅದು ನಮಗೆ ಕಾಣ್ತಾನೇ ಇಲ್ಲ ಅಲ್ವಾ ಅನ್ನೋದನ್ನೂ ಇಲ್ಲೇ ಮಾತಾಡ್ತೀವಿ.

ಆ ಇದ್ದಿಲಿಂದಲೇ ಕಾಲ ತಿಳಿಯೋದು. ರೇಡಿಯೋಕಾರ್ಬನ್ ವಿಧಾನವನ್ನ ಲಿಬಿ 1940ರ ದಶಕದ ಕೊನೆಯಲ್ಲಿ ರೂಪಿಸಿ 1960ರಲ್ಲಿ ನೊಬೆಲ್ ತಗೊಂಡ್ರು. ಜೀವಿ ಸತ್ತ ಮೇಲೆ ಅದರಲ್ಲಿರೋ ರೇಡಿಯೋಕಾರ್ಬನ್ (ಕಾರ್ಬನ್-14) ಕಮ್ಮಿಯಾಗ್ತಾ ಹೋಗುತ್ತೆ, 5730 ವರ್ಷಕ್ಕೆ ಅರ್ಧ ಉಳಿಯುತ್ತೆ, ಇನ್ನೊಂದು ಅಷ್ಟು ವರ್ಷಕ್ಕೆ ಕಾಲು. ನಾಲ್ಕು ಸಾವಿರ ವರ್ಷದ ಹುರುಳಿಯಲ್ಲಿ ನೂರರಲ್ಲಿ ಸುಮಾರು 62 ಭಾಗ ಇನ್ನೂ ಇರುತ್ತೆ. ಐವತ್ತು ಸಾವಿರ ವರ್ಷ ದಾಟಿದ್ರೆ ಅಳೆಯೋಕೆ ಏನೂ ಉಳಿದಿರಲ್ಲ, ಅದಕ್ಕೇ ಇಸಾಂಪುರಕ್ಕೆ ಇದು ನಡೆಯಲ್ಲ, ಅಲ್ಲಿ ಪ್ರಾಣಿ ಹಲ್ಲಿನ ಎನಾಮಲ್ ಮೇಲೆ ಬೇರೆ ವಿಧಾನ ಬಳಸಿದ್ರು.

ಇಷ್ಟಾದ ಮೇಲೇ ನಾಗರಿಕತೆ ಅನ್ನೋ ಪಾಠ. ಚೈಲ್ಡ್ 1950ರಲ್ಲಿ ನಗರಕ್ಕೆ ಹತ್ತು ಲಕ್ಷಣ ಪಟ್ಟಿ ಮಾಡಿದ್ರು, ಜನಸಂಖ್ಯೆ, ಕಸುಬುದಾರರು, ಮಿಗುತಾಯ ವಸೂಲಿ, ದೊಡ್ಡ ಕಟ್ಟಡ, ಆಳುವ ವರ್ಗ, ಬರವಣಿಗೆ, ದೂರದ ವ್ಯಾಪಾರ ಹೀಗೆ. ಬೋರ್ಡ್ ಮೇಲೆ ಆ ಲಕ್ಷಣಗಳನ್ನ ಒಂದು ಕಡೆ ಬರೆದು, ಇನ್ನೊಂದು ಕಡೆ ಊರುಗಳು. ಈಗಿನ ಇರಾಕಿನಲ್ಲಿದ್ದ ಹಳೆ ನಗರ ಉರುಕ್‌ಗೆ ಹೆಚ್ಚುಕಮ್ಮಿ ಎಲ್ಲದಕ್ಕೂ ಟಿಕ್ ಬೀಳುತ್ತೆ, ಕ್ರಿ.ಪೂ. 3200ರ ಹೊತ್ತಿಗೆ ಬರವಣಿಗೆ, ಅದೂ ಬಹುತೇಕ ಲೆಕ್ಕಪತ್ರ, ಬಾರ್ಲಿ ಎಷ್ಟು, ಕುರಿ ಎಷ್ಟು ಅಂತ. ಮೊಹೆಂಜೊದಾರೊಗೆ ಬಂದ್ರೆ 1:2:4 ಅಳತೆಯ ಇಟ್ಟಿಗೆ, ಚರಂಡಿ, ಒಂದೇ ಪ್ರಮಾಣದ ತೂಕದ ಕಲ್ಲು ಎಲ್ಲಾ ಇದೆ, ಆದ್ರೆ ಇದು ಅರಮನೆ, ಇದು ರಾಜನ ಸಮಾಧಿ ಅಂತ ಬೆರಳಿಟ್ಟು ತೋರಿಸೋಕೆ ಆಗಲ್ಲ, ಲಿಪಿ ಇನ್ನೂ ಓದೋಕಾಗಿಲ್ಲ. ಟರ್ಕಿಯ ಗೋಬೆಕ್ಲಿ ತೆಪೆ ಇನ್ನೂ ತಲೆ ಕೆಡಿಸುತ್ತೆ, ಕ್ರಿ.ಪೂ. 9500ರ ಸುಮಾರಿಗೆ ಆಳಿಗಿಂತ ಎತ್ತರದ ಕೆತ್ತನೆ ಕಂಬ ನಿಲ್ಲಿಸಿದವರು ಬೇಸಾಯವನ್ನೇ ಮಾಡ್ತಿರಲಿಲ್ಲ, ಬೇಟೆ ಆಡೋರು, ಕಾಡು ಧಾನ್ಯ ಆರಿಸೋರು. ದಕ್ಷಿಣ ಅಮೆರಿಕದ ಇಂಕಾ ಜನ ಅಷ್ಟು ದೊಡ್ಡ ಸಾಮ್ರಾಜ್ಯವನ್ನ ಬರವಣಿಗೆ ಇಲ್ಲದೆ ಗಂಟು ಹಾಕಿದ ದಾರದ ಲೆಕ್ಕದಲ್ಲಿ ನಡೆಸಿದ್ರು. ಕೊನೆಗೆ ಸಂಗನಕಲ್ಲು: ಕಸುಬಿಗೆ ಟಿಕ್, ವ್ಯಾಪಾರಕ್ಕೆ ಒಂದಷ್ಟು, ಬರವಣಿಗೆ ಇಲ್ಲ, ರಾಜ ಇಲ್ಲ, ನಗರ ಇಲ್ಲ.

ಇಲ್ಲಿ ಯಾರೋ ಒಬ್ಬರು "ಹಂಗಾದ್ರೆ ನಮ್ಮೋರು ಹಿಂದುಳಿದವರಾ" ಅಂತ ಬೇಜಾರಲ್ಲಿ ಕೇಳೇ ಕೇಳ್ತಾರೆ. ನನ್ನ ಉತ್ತರ ಸ್ಪಷ್ಟ, ಅಲ್ಲ. ಮೊಹೆಂಜೊದಾರೊ ಬೆಳಗ್ತಿದ್ದ ಅದೇ ಕಾಲಕ್ಕೆ ಇಲ್ಲಿನವರು ಮಳೆ ಕಡಿಮೆ ಇರೋ ಈ ಸೀಮೆಗೆ ಹೊಂದೋ ಕಾಳು ಬೆಳೆದು, ದನದ ಮಂದೆ ಕಟ್ಟಿ, ಸಾವಿರಕ್ಕೂ ಹೆಚ್ಚು ವರ್ಷ ಬಾಳಿದ್ರು. ಇಲ್ಲಿ ಸಿಂಧೂ ಥರ ಪ್ರತಿ ವರ್ಷ ಮೆಕ್ಕಲು ಹರಡೋ ನದಿ ಬಯಲಿಲ್ಲ, ಒಂದೇ ಕಡೆ ಸಾವಿರಾರು ಜನಕ್ಕೆ ಧಾನ್ಯ ಕೂಡಿಡೋ ಸಾಧ್ಯತೆ ಕಡಿಮೆ. ನಗರ ಆಗದೇ ಇದ್ದಿದ್ದು ಸೋಲು ಅಂತ ನಾನು ಒಪ್ಪಲ್ಲ, ನಮ್ಮ ಮಕ್ಕಳೂ ಹಾಗೆ ಕಲೀಬಾರದು.

ಮಾಡಬೇಕು ಅನ್ನೋರಿಗೆ ಒಂದೆರಡು ಮಾತು. ಮೊದಲು ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಮ್ಯೂಸಿಯಂ ತೋರಿಸಿ, ಆಮೇಲೆ ಗುಡ್ಡ. ಬಿಸಿಲಿಗೆ ಮುಂಚೆ ಹತ್ತಿ ಇಳೀಬೇಕು, ಹೆಡ್‌ಮಾಸ್ಟರ್ ಪರ್ಮಿಷನ್, ಪೋಷಕರ ಒಪ್ಪಿಗೆ ಪತ್ರ ಕೈಯಲ್ಲಿರಲಿ, ನೀರು ಜಾಸ್ತಿ ಇರಲಿ. ಕಪ್ಪಗಲ್ಲಲ್ಲಿ ಗೂಳಿ ಚಿತ್ರ ಕುಟ್ಟಿರೋ ಬಂಡೆಗಳಿವೆ, ಬಡಿದ್ರೆ ಗಂಟೆ ಥರ ನಾದ ಬರೋ ಕಲ್ಲುಗಳೂ ಇವೆ, ಮಕ್ಕಳ ಕೈ ಸುಮ್ಮನಿರಲ್ಲ, ಚಿತ್ರದ ಮೇಲೆ ಚಾಕ್ ಹಾಕೋದು, ಕಲ್ಲಿಂದ ಬಡಿಯೋದು ಬೇಡ ಅಂತ ಮೊದಲೇ ಕಟ್ಟುನಿಟ್ಟಾಗಿ ಹೇಳಿ. ನೆಲದ ಮೇಲೆ ಬಿದ್ದ ಒಂದು ಚಕ್ಕೆ, ಮಡಕೆ ಚೂರನ್ನೂ ಜೇಬಿಗೆ ಹಾಕಬಾರದು, ಅದು ಎಲ್ಲಿ ಬಿದ್ದಿದೆ ಅನ್ನೋದೇ ಅರ್ಧ ಸಾಕ್ಷಿ, ಮನೆಗೆ ತಂದ್ರೆ ಬರೀ ಕಲ್ಲು. ಫೋಟೋ ತೆಗೀಲಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೀಲಿ. ಬೂದಿದಿಬ್ಬಗಳ ಮಣ್ಣನ್ನ ಗೊಬ್ಬರಕ್ಕೆ, ರಸ್ತೆಗೆ ಅಂತ ಸಾಗಿಸಿ ಎಷ್ಟೋ ಹಾಳಾಗಿವೆ, ಗುಡ್ಡಗಳಿಗೆ ಕ್ವಾರಿ ಕಾಟ ಇದೆ, ಹಾಗಾಗಿ ಯಾರಾದ್ರೂ ಅಗೀತಿರೋದು ಕಂಡ್ರೆ ತಹಶೀಲ್ದಾರ್ ಆಫೀಸಿಗೆ, ಪುರಾತತ್ವ ಇಲಾಖೆಗೆ ಅರ್ಜಿ ಬರೆಯೋದು ಹೇಗೆ ಅಂತ ಕನ್ನಡ ಪೀರಿಯಡ್‌ನ ಪತ್ರ ಲೇಖನದಲ್ಲೇ ಸೇರಿಸ್ಕೊಂಡಿದೀವಿ. ಈ ವರ್ಷ ಮಕ್ಕಳನ್ನ ಗಂಗಾವತಿ ಹತ್ರದ ಹಿರೇಬೆಣಕಲ್‌ಗೂ ಕರ್ಕೊಂಡು ಹೋಗ್ಬೇಕು ಅಂತಿದೆ, ಕಬ್ಬಿಣ ಬಂದ ಮೇಲೆ ಸತ್ತವರಿಗೆ ಅಷ್ಟು ದೊಡ್ಡ ಕಲ್ಲಿನ ಮನೆ ಯಾಕೆ ಕಟ್ಟಿದ್ರು ಅನ್ನೋದು ಮುಂದಿನ ಪ್ರಶ್ನೆ.