ದಮ್ಮಿನ ಕೆಲಸಕ್ಕೆ ಸರ್ಕಾರದ ದುಡ್ಡು: ಯಾರನ್ನು, ಹೇಗೆ ಕೇಳಬೇಕು?

ತೊಗರಿ ರಾಶಿ ಶುರುವಾದರೆ ಕಲಬುರಗಿ ಜಿಲ್ಲೆಯ ಹಳ್ಳಿಗಳಲ್ಲಿ ಹೊಟ್ಟಿನ ದೂಳಿನ ಜೊತೆ ದಮ್ಮೂ (ಅಸ್ತಮಾ) ಏಳುತ್ತದೆ. ಶಹಾಬಾದ್ ಕಡೆ ಕಲ್ಲಿನ ಪುಡಿಯಂತೂ ವರ್ಷವಿಡೀ ಇದ್ದದ್ದೇ. ಊರಲ್ಲೇ ಏನಾದರೂ ಮಾಡೋಣ ಅಂದರೆ, ದುಡ್ಡು ಎಲ್ಲಿದೆ ಅಂತಾರೆ. ಇದೆ. ಊರಲ್ಲಿ ಎಷ್ಟು ಜನರಿಗೆ ದಮ್ಮಿದೆ ಎಂಬ ಪಟ್ಟಿ ಕೈಯಲ್ಲಿ ಹಿಡಿದು ಕೇಳಬೇಕು, ಅಷ್ಟೇ.

ಪಟ್ಟಿ ಅರ್ಧ ತಯಾರಾಗಿಯೇ ಇರುತ್ತದೆ. 30 ವರ್ಷ ದಾಟಿದವರಿಗಾಗಿ ಆಶಾ ಕಾರ್ಯಕರ್ತೆ ಮನೆಮನೆಯಲ್ಲಿ ಆರೋಗ್ಯ ವಿಚಾರಿಸಿ ತುಂಬುವ ಸಿಬ್ಯಾಕ್ (CBAC) ಫಾರ್ಮಿನಲ್ಲಿ ಉಸಿರಾಟದ ತೊಂದರೆ ಇದೆಯಾ, ಒಲೆಗೆ ಕಟ್ಟಿಗೆಯೋ ಕುಳ್ಳೋ ಗ್ಯಾಸೋ, ಹೊಗೆ ದೂಳಿನ ಕೆಲಸವಾ ಎಂದೆಲ್ಲ ಕೇಳಿರುತ್ತಾರೆ. ಅದರಿಂದ ಎಣಿಸಿ. ಮಕ್ಕಳು ಮಾತ್ರ ಇದರಲ್ಲಿ ಬರುವುದಿಲ್ಲ. ದಮ್ಮು ಎಷ್ಟೋ ಜನರಿಗೆ ಚಿಕ್ಕಂದಿನಲ್ಲೇ ಶುರುವಾಗುತ್ತದೆ, ಅಲ್ವಾ? ಅಂಗನವಾಡಿ, ಶಾಲೆಯಲ್ಲಿ ವಿಚಾರಿಸಿ ಸೇರಿಸಿ. ಸಭೆಯಲ್ಲಿ ಹೆಸರು ಓದಬೇಡಿ, ಸಂಖ್ಯೆ ಸಾಕು. ದಮ್ಮಿದೆ ಅಂತ ಊರಿಗೆಲ್ಲ ಗೊತ್ತಾದರೆ ಏನು ಸಂಕಟ ಅಂತ ಮದುವೆ ವಯಸ್ಸಿನ ಹೆಣ್ಣುಮಕ್ಕಳಿರುವ ಮನೆಯವರಿಗೆ ಗೊತ್ತು.

ಮೊದಲ ಬಾಗಿಲು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿ. ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ಇದಕ್ಕೆ ವರ್ಷಕ್ಕೆ 10,000 ರೂಪಾಯಿವರೆಗೆ ಮುಕ್ತ ನಿಧಿ, ಅಂದರೆ ಸಮಿತಿಯೇ ತೀರ್ಮಾನಿಸಿ ಖರ್ಚು ಮಾಡುವ ದುಡ್ಡು, ಉಂಟು. ಮನೆಮನೆ ಸಮೀಕ್ಷೆ, ತಿಳಿವಳಿಕೆ ಸಭೆಗೆ ಸಾಕು. ಹೊಸ ಆರ್ಥಿಕ ವರ್ಷ ಏಪ್ರಿಲ್‌ನಲ್ಲಿ ಶುರು. ಆಗಲೇ ಠರಾವು ಬರೆಸಿ. ಮಾರ್ಚ್‌ನಲ್ಲಿ ಎದ್ದರೆ ಸುಮ್ನೆ ಬಿಲ್ ಹುಡುಕುವ ಓಟ.

ಇನ್‌ಹೇಲರನ್ನು ಈ ದುಡ್ಡಲ್ಲಿ ಕೊಳ್ಳಲು ಹೋಗಬೇಡಿ. ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದ 2023ರ ಮಾರ್ಗಸೂಚಿಯಲ್ಲಿ ಅಸ್ತಮಾ ಕೂಡ ಸೇರಿದೆ. ಹಾಗಾಗಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ನೀವು ಎಣಿಸಿದ ರೋಗಿಗಳ ಸಂಖ್ಯೆ ಕೊಟ್ಟು, ಅಷ್ಟು ಔಷಧಕ್ಕೆ ಇಂಡೆಂಟ್ (ಬೇಡಿಕೆ ಪಟ್ಟಿ) ಹಾಕಲು ಕೇಳಿ. ಪ್ರತಿಯೊಂದನ್ನೂ ಬರೆದುಕೊಡಿ, ಸ್ವೀಕೃತಿ ಸಹಿ ತಗೊಳ್ಳಿ. ಬಾಯಿಮಾತಿಗೆ ಫೈಲ್ ಇರುವುದಿಲ್ಲ. ಔಷಧವನ್ನು ಹಬೆಯಂತೆ ಮಾಡಿ ಉಸಿರಿಗೆ ಕೊಡುವ ಯಂತ್ರ, ನೆಬ್ಯುಲೈಸರ್, ಬೇಕಾದರೆ ಅದೇ ಕೇಂದ್ರದ ಆರೋಗ್ಯ ರಕ್ಷಾ ಸಮಿತಿ ಮುಂದಿಡಿ. ಅಲ್ಲಿ ಆಗದಿದ್ದರೆ ತಾಲ್ಲೂಕು ಆರೋಗ್ಯಾಧಿಕಾರಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಕಲಬುರಗಿಯಲ್ಲೇ ಇದೆ ನಿಜ, ಆದರೆ ಇಷ್ಟು ಸಣ್ಣ ಸಾಮಾನಿಗೆ ಅಲ್ಲಿವರೆಗೆ ಹೋಗುವುದು ನನಗೆ ಜಾಸ್ತಿ ಅನ್ನಿಸುತ್ತದೆ.

ಮೊದಲು ಹೇಳಿದ ಗ್ರಾಮ ಸಮಿತಿಯ ದುಡ್ಡಿನಲ್ಲಿ ನಡೆಸಬೇಕಾದದ್ದು ಇನ್‌ಹೇಲರ್ ಬಳಕೆ ಕಲಿಸುವ ಒಂದು ದಿನ. ಇನ್‌ಹೇಲರ್ ಇದ್ದರೂ ಸರಿಯಾಗಿ ಎಳೆದುಕೊಳ್ಳಲು ಬಾರದೆ ಔಷಧ ಗಂಟಲಲ್ಲೇ ಉಳಿಯುತ್ತದೆ. ಇನ್‌ಹೇಲರಿಗೂ ಬಾಯಿಗೂ ನಡುವೆ ಇಡುವ ಕೊಳವೆ, ಸ್ಪೇಸರ್, ಇಲ್ಲವೆಂದರೆ ಅರ್ಧ ಲೀಟರ್ ನೀರಿನ ಬಾಟಲಿ ಸಾಕು. ತೊಳೆದು ಒಣಗಿಸಿ. ತಳದಲ್ಲಿ ಇನ್‌ಹೇಲರ್ ಬಾಯಿ ಬಿಗಿಯಾಗಿ ಕೂರುವಷ್ಟು ತೂತು ಮಾಡಿ, ಸುತ್ತ ಟೇಪ್ ಹಚ್ಚಿ. ಒಂದು ಸಲ ಒತ್ತಿ, ಬಾಟಲಿ ಬಾಯಿಂದ ನಿಧಾನವಾಗಿ ಉಸಿರು ಎಳೆದುಕೊಳ್ಳಬೇಕು. ಮೊದಲ ಸಲ ವೈದ್ಯರೋ ಸಮುದಾಯ ಆರೋಗ್ಯ ಅಧಿಕಾರಿಯೋ ಎದುರಿಗಿರಲಿ.